ಎಷ್ಟು ಕೊಟ್ಟರು, ಎಷ್ಟು ಸಿಕ್ಕಿತು

ಆನವಟ್ಟಿ ಸುತ್ತಿನ ಯಾವುದಾದರೂ ಹಳ್ಳಿಯಲ್ಲಿ ಒಬ್ಬರು ಭಾನುವಾರ ಬೆಳಿಗ್ಗೆ ಕಪ್ಪು ರಟ್ಟಿನ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಪ್ರಾರ್ಥನೆಗೆ ಹೋಗಲು ಶುರು ಮಾಡಿದರೆ ಊರು ಕೇಳುವ ಮೊದಲ ಪ್ರಶ್ನೆ: ‘ಎಷ್ಟು ಕೊಟ್ರಂತೆ?’ ಯಾಕೆ ಹೋದ, ಅಲ್ಲಿ ಏನು ಹೇಳುತ್ತಾರೆ, ಹೋದ ಮೇಲೆ ಅವನಿಗೆ ಏನನ್ನಿಸಿತು ಎಂಬುದೆಲ್ಲ ಆಮೇಲಿನ ಮಾತು. ಎಷ್ಟೋ ಸಲ ಆ ಮಾತು ಬರುವುದೇ ಇಲ್ಲ. ಒಬ್ಬರು ಐವತ್ತು ಸಾವಿರ ಅಂದರೆ ಪಕ್ಕದವರು ಎರಡು ಲಕ್ಷ ಅನ್ನುತ್ತಾರೆ, ಮೂರನೆಯವರು ಬೆಂಗಳೂರಿನಲ್ಲಿ ಸೈಟು ಕೊಡಿಸಿದ್ದಾರೆ ಅನ್ನುತ್ತಾರೆ. ಎಲ್ಲರೂ ದ್ವೇಷದಿಂದ ಕೇಳುತ್ತಾರೆ ಅಂದುಕೊಳ್ಳಬೇಡಿ. ಬಹಳ ಜನ ಬರೀ ಕುತೂಹಲಕ್ಕೆ ಕೇಳುತ್ತಾರೆ, ಕೆಲವರು ತುಸು ಹೊಟ್ಟೆಕಿಚ್ಚಿನಿಂದಲೂ.

ಅದೇ ಭಾನುವಾರ, ಅದೇ ಹೊತ್ತಿಗೆ, ತಗಡಿನ ಸೂರಿನ ಒಂದು ಪ್ರಾರ್ಥನಾ ಮಂದಿರದೊಳಗೆ ಒಬ್ಬ ಮೈಕು ಹಿಡಿದು ನಿಂತಿರುತ್ತಾನೆ. ಕರ್ತನ ಬಳಿಗೆ ಬಂದೆ, ಸಾಲ ತೀರಿತು. ಬೋರ್‌ವೆಲ್ಲಿನಲ್ಲಿ ನೀರು ಬಿತ್ತು. ಮಗನಿಗೆ ಕೆಲಸ ಆಯಿತು, ಮಗಳಿಗೆ ಗಂಡು ಕೂಡಿ ಬಂತು. ಒಂದೊಂದು ಮಾತಿಗೂ ಕೀಬೋರ್ಡು ಒಂದೊಂದು ಸ್ವರ ಹೊಡೆಯುತ್ತದೆ, ಸಭೆ ‘ಸ್ತೋತ್ರ’ ಅನ್ನುತ್ತದೆ. ಇದಕ್ಕೆ ನಮ್ಮಲ್ಲಿ ಸಾಕ್ಷಿ ಹೇಳುವುದು ಅನ್ನುತ್ತಾರೆ. ಹೊರಗೆ ಕೂತವರು ಎಷ್ಟು ಕೊಟ್ಟರು ಎಂದು ಕೇಳುತ್ತಾರೆ, ಒಳಗೆ ನಿಂತವರು ಎಷ್ಟು ಸಿಕ್ಕಿತು ಎಂದು ಹೇಳುತ್ತಾರೆ. ಇಬ್ಬರೂ ಒಬ್ಬರಿಗೊಬ್ಬರು ವೈರಿಗಳು ಎಂದು ನಾವೆಲ್ಲ ನಂಬಿದ್ದೇವೆ. ನನಗೆ ಹಾಗೆ ಕಾಣುವುದಿಲ್ಲ. ದೇವರ ಕೃಪೆ ಎಂದರೆ ಲಾಭ, ಹೊಸ ಜೀವನ ಎಂದರೆ ಹಳೆಯದಕ್ಕಿಂತ ಅನುಕೂಲವಾದ ಜೀವನ ಎಂಬ ಮಾತನ್ನು ಇಬ್ಬರೂ ಚಕಾರವೆತ್ತದೆ ಒಪ್ಪಿಕೊಂಡಿದ್ದಾರೆ. ನನ್ನ ತಕರಾರು ಆ ಒಪ್ಪಂದದ ಮೇಲೆ.

ಮೊದಲು ಹೊರಗಿನವರ ಲೆಕ್ಕ ನೋಡೋಣ, ಅದು ಬೇಗ ಮುಗಿಯುತ್ತದೆ. ಪರಿಶಿಷ್ಟ ಜಾತಿಯ ಒಬ್ಬ ಕೂಲಿಯಾಳು ದೀಕ್ಷಾಸ್ನಾನ ಪಡೆದು ಕಾಗದಪತ್ರದಲ್ಲೂ ಕ್ರೈಸ್ತನಾದ ಎನ್ನಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು, ಕ್ರೈಸ್ತರನ್ನು ಇವತ್ತಿಗೂ ಸೇರಿಸಿಲ್ಲ. ಹಾಗಾಗಿ ಅವನು ಆ ಪಟ್ಟಿಯಿಂದ ಹೊರಬಿದ್ದು ಹಿಂದುಳಿದ ವರ್ಗಗಳ ಪ್ರವರ್ಗ ಒಂದಕ್ಕೆ ಬರುತ್ತಾನೆ. ಅಲ್ಲಿ ಮೀಸಲಾತಿ ಶೇ. 17, ಇಲ್ಲಿ ಶೇ. 4. ಗ್ರಾಮ ಪಂಚಾಯಿತಿಯಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾದ ಸೀಟಿಗೆ ನಿಲ್ಲುವ ಹಾಗಿಲ್ಲ. ದೌರ್ಜನ್ಯ ತಡೆ ಕಾಯ್ದೆಯ ಆಸರೆ ಇಲ್ಲ. ಅಂಬೇಡ್ಕರ್ ನಿಗಮದ ಸಾಲಕ್ಕೆ ಅರ್ಜಿ ಹಾಕುವಂತಿಲ್ಲ. ಈ ದೇಶದಲ್ಲಿ ಮತದ ವಿಷಯಕ್ಕೆ ಯಾರಾದರೂ ಬಡವನಿಗೆ ದೊಡ್ಡ ಮೊತ್ತದ ಆಮಿಷ ಒಡ್ಡುತ್ತಿದ್ದರೆ ಅದು ಸರ್ಕಾರವೇ, ಅದೂ ಹೋಗಬೇಡ ಇಲ್ಲೇ ಇರು ಎಂದು. ಅಷ್ಟೆಲ್ಲ ಬಿಟ್ಟು ಬರುವವನನ್ನು ಹಿಡಿದು ಎಷ್ಟು ತಗೊಂಡೆ ಎಂದು ಕೇಳುವುದು ಯಾವ ಲೆಕ್ಕ?

ಸಂಖ್ಯೆಯ ಮಾತೂ ಅಷ್ಟೇ. 2001ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ಶೇ. 1.91, 2011ರಲ್ಲಿ ಶೇ. 1.87. ಆ ಹತ್ತು ವರ್ಷಗಳಲ್ಲೇ 2008ರ ಸೆಪ್ಟೆಂಬರ್ ಬಂದು ಹೋಯಿತು. ಮಂಗಳೂರಿನಿಂದ ಹಿಡಿದು ಹಲವು ಕಡೆ ಚರ್ಚುಗಳ ಮೇಲೆ ದಾಳಿಯಾಯಿತು, ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ಕೂತಿತು, ಪತ್ರಿಕೆಗಳಲ್ಲಿ ಮತಾಂತರದ ಬಗ್ಗೆ ಕಾದಂಬರಿಕಾರ ಭೈರಪ್ಪನವರು ಬರೆದ ಲೇಖನದ ಮೇಲೆ ವಾರಗಟ್ಟಲೆ ವಾದ ನಡೆಯಿತು. ರಾಜ್ಯವೇ ಮತಾಂತರವಾಗಿ ಹೋಗುತ್ತಿದೆ ಎಂದು ಬಹಳ ಜನ ನಂಬಿದ ಕಾಲ ಅದು. ಗಣತಿಯಲ್ಲಿ ಪಾಲು ಕೂದಲೆಳೆಯಷ್ಟು ಇಳಿದಿತ್ತು. ಗುಟ್ಟಾಗಿ ನಂಬುವವರು ಗಣತಿಗೆ ಸಿಗುವುದಿಲ್ಲ ಎನ್ನುತ್ತಾರೆ. ಇರಬಹುದು. ಆದರೆ ಯಾಕೆ ಗುಟ್ಟು? ದುಡ್ಡು ತಿಂದವನು ಬಚ್ಚಿಡುವುದು ದುಡ್ಡನ್ನು. ಇವನು ಬಚ್ಚಿಡುತ್ತಿರುವುದು ನಂಬಿಕೆಯನ್ನು. ಹೇಳಿಕೊಂಡರೆ ಕಳೆದುಕೊಳ್ಳುವುದಿದೆ ಎಂದೇ ತಾನೇ?

2022ರ ಕರ್ನಾಟಕದ ಮತಾಂತರ ಕಾಯ್ದೆ ಕೂಡ ಇದೇ ಲಾಭದ ತಕ್ಕಡಿ ಹಿಡಿದು ಕೂತಿದೆ. ಆಮಿಷ ಎಂದರೆ ಏನು ಎಂದು ಅದು ವಿವರಿಸುತ್ತದೆ. ಉಡುಗೊರೆ, ಸುಲಭದ ಹಣ, ನೌಕರಿ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನಶೈಲಿ, ದೇವರ ಅವಕೃಪೆ. ಇಂಥವನ್ನು ಮುಂದಿಟ್ಟು ಯಾರನ್ನಾದರೂ ಮತಕ್ಕೆ ಸೆಳೆದರೆ ಮೂರರಿಂದ ಐದು ವರ್ಷ, ಸೆಳೆದದ್ದು ದಲಿತರನ್ನೋ ಹೆಂಗಸರನ್ನೋ ಆದರೆ ಹತ್ತು ವರ್ಷದವರೆಗೂ ಜೈಲು. ಮತ ಬದಲಿಸುವವನು ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. 2023ರ ಜೂನ್‌ನಲ್ಲಿ ಇದನ್ನು ಹಿಂತೆಗೆಯಲು ಸಂಪುಟ ತೀರ್ಮಾನಿಸಿತು. ಕಾಯ್ದೆಯ ರಾಜಕೀಯ ಬಿಡಿ, ಅದರ ಹಿಂದಿನ ನಂಬಿಕೆ ನೋಡಿ. ಬಡವನೊಬ್ಬ, ಹೆಂಗಸೊಬ್ಬಳು, ಏನೂ ಸಿಗದೆ ದೇವರ ಕಡೆ ತಿರುಗಲಾರರು ಎಂಬುದೇ ಆ ನಂಬಿಕೆ. ಇಂಥ ಅನುಮಾನ ಹುಟ್ಟಲು ಬೇರೆ ಯಾವ ಸೀಮೆಯಾದರೂ ಆದೀತು, ಶಿಕಾರಿಪುರ ಸೀಮೆ ಮಾತ್ರ ತಕ್ಕದ್ದಲ್ಲ. ಉಡುತಡಿ ಇಲ್ಲೇ ಇದೆ. ಅಲ್ಲಿಂದ ಎಲ್ಲವನ್ನೂ ಬಿಟ್ಟು ಹೊರಟ ಅಕ್ಕನನ್ನು ನಿನಗೆ ಚೆನ್ನಮಲ್ಲಿಕಾರ್ಜುನ ಎಷ್ಟು ಕೊಟ್ಟ ಎಂದು ಈ ಎಂಟುನೂರು ವರ್ಷಗಳಲ್ಲಿ ಯಾರೂ ಕೇಳಿದ್ದಿಲ್ಲ.

ಇನ್ನು ಉಣಿಸುವುದು, ಓದಿಸುವುದು, ಮದ್ದು ಕೊಡುವುದು. ಆನವಟ್ಟಿಯಿಂದ ಶಿರಾಳಕೊಪ್ಪಕ್ಕೆ ಹೋಗಿ ಅಲ್ಲಿಂದ ತುಸು ಮುಂದೆ ಹೋದರೆ ಬಳ್ಳಿಗಾವಿ. ಅಲ್ಲಿನ ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನ ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳನ್ನೆಲ್ಲ ಅಲ್ಲಿ ಓದಿಸುತ್ತಿದ್ದರು. ಬಡವರು, ಕುಂಟರು, ಕುರುಡರು, ಕಿವುಡರು ಊಟಕ್ಕೆ ಬರುತ್ತಿದ್ದರು, ಜೈನ ಬೌದ್ಧ ಸನ್ಯಾಸಿಗಳೂ ಬರುತ್ತಿದ್ದರು. ರೋಗಿಗಳಿಗೆ ಮದ್ದು ಸಿಗುತ್ತಿತ್ತು. ಮಠ ಕಾಳಾಮುಖ ಶೈವರದು. ಬಂದು ಉಂಡವರಲ್ಲಿ ಕೆಲವರಾದರೂ ಅಲ್ಲೇ ಉಳಿದು ಶಿವಭಕ್ತರಾಗಿದ್ದರೆ ಅದು ಆಮಿಷವೇ? ನಾಡಿನ ಮಠಗಳಲ್ಲಿ ಇವತ್ತೂ ಸಾವಿರಾರು ಮಕ್ಕಳು ಉಂಡು ಓದುತ್ತಾರೆ, ಅದನ್ನು ನಾವು ದಾಸೋಹ ಎಂದು ಕೈಮುಗಿಯುತ್ತೇವೆ, ಮುಗಿಯಲೇಬೇಕು. ಅನ್ನ ಅದೇ, ಬಡಿಸುವ ಕೈ ಬದಲಾದ ಕೂಡಲೇ ಹೆಸರು ಬದಲಾಗುತ್ತದೆ. ಗೋವೆ ಬಿಟ್ಟು ಬಂದ ಕೊಂಕಣಿ ಕ್ರೈಸ್ತರು ಒಳ್ಳೆಯ ಬೇಸಾಯಗಾರರೆಂದು ನೆಲೆ ಕೊಟ್ಟವರು ಇದೇ ಸೀಮೆಯನ್ನು ಆಳಿದ ಕೆಳದಿಯ ಲಿಂಗಾಯತ ಅರಸರು ಎಂಬುದೂ ನೆನಪಿರಲಿ.

ಗಂಜಿಗಾಗಿ ಬಂದವರು ಇರಲೇ ಇಲ್ಲವೇ? ಇದ್ದರು. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷ ಲಕ್ಷ ಜನ ಸತ್ತರು. ತಂದೆ ತಾಯಿ ಇಲ್ಲದ ಮಕ್ಕಳು ಮಿಷನ್ನಿನ ಅನಾಥಾಲಯಗಳಿಗೆ ಬಂದರು. ಅವರಲ್ಲಿ ಬಹಳ ಮಂದಿ ಕ್ರೈಸ್ತರಾಗಿಯೇ ಬೆಳೆದರು. ಇದನ್ನು ಮುಚ್ಚಿಡುವ ನಮ್ಮವರ ಸಂಕೋಚ ನನಗೆ ಅರ್ಥವಾಗುವುದಿಲ್ಲ. ಹಸಿದು ಬಂದ ಮಗು ಉಂಡಿತು. ಉಂಡ ಮೇಲೆ ಬೆಳೆಯಿತು, ಮದುವೆಯಾಯಿತು, ಮಕ್ಕಳಾದವು. ಗಂಜಿಯ ಕೊಪ್ಪರಿಗೆ ಕವುಚಿ ನೂರೈವತ್ತು ವರ್ಷವಾಯಿತು, ಅವರ ಮರಿಮಕ್ಕಳು ಇನ್ನೂ ಭಾನುವಾರ ಗಂಟೆ ಹೊಡೆದರೆ ಎದ್ದು ಹೋಗುತ್ತಾರೆ. ಇದಕ್ಕೆ ಗಂಜಿಯೊಂದೇ ಕಾರಣವಾಗಲಾರದು.

ಬಂದ ಮೇಲೆ ಗಳಿಸಿದ್ದಕ್ಕಿಂತ ಕಳೆದುಕೊಂಡ ಕಥೆಗಳೇ ಹೆಚ್ಚು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹತ್ತು ವರ್ಷ ಕಳೆದು 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಹುಡುಗ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ಗಲಭೆಯೇ ಎದ್ದಿತು. ಮನೆ ಹೋಯಿತು, ಹೆಂಡತಿ ಜೊತೆಗೆ ಬರಲಿಲ್ಲ. ಜಾತಿಯಿಂದ ಹೊರಬಿದ್ದವರಿಗೆ ಕೆಲಸ ಕೊಡುವವರಿಲ್ಲ ಎಂದೇ ಮಿಷನ್ನು ನೇಯ್ಗೆ ಶುರು ಮಾಡಿದ್ದು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು. ಮೊದಲು ನಷ್ಟ, ಆಮೇಲೆ ಕೆಲಸ. ಆ ನಷ್ಟದಿಂದ ಹುಟ್ಟಿದ ಮಂಗಳೂರು ಹಂಚು ಮಲೆನಾಡಿನ ಅರ್ಧಕ್ಕರ್ಧ ಮನೆಗಳನ್ನು ಮಳೆಯಿಂದ ಕಾಯಿತು. ಎಷ್ಟು ಕೊಟ್ರಂತೆ ಎಂದು ಕೇಳುವವರ ಮನೆಯ ಮೇಲೂ ಅದೇ ಹಂಚು ಇದ್ದೀತು.

ಮೂರನೆಯ ಪಂಗಡವೊಂದಿದೆ, ನಮ್ಮ ಹಿತೈಷಿಗಳದು. ಕ್ರೈಸ್ತರ ಮೇಲೆ ಯಾರಾದರೂ ಬಿದ್ದಾಗ ಇವರು ಓಡಿ ಬಂದು ಪಟ್ಟಿ ಓದುತ್ತಾರೆ. ಕಿಟೆಲ್ ನಿಘಂಟು ಕೊಟ್ಟ, 1894. ಮೋಗ್ಲಿಂಗ್ ಪತ್ರಿಕೆ ಕೊಟ್ಟ, 1843. ಶಾಲೆ, ಆಸ್ಪತ್ರೆ, ಮುದ್ರಣಾಲಯ. ಎಲ್ಲವೂ ನಿಜ, ನನಗೂ ಹೆಮ್ಮೆಯೇ. ಆದರೆ ಇದೂ ಅದೇ ಖಾತೆ ಪುಸ್ತಕದ ಇನ್ನೊಂದು ಪುಟ. ನಾಡಿಗೆ ಇಷ್ಟು ಲಾಭವಾಗಿದೆ, ಆದ್ದರಿಂದ ಇವರನ್ನು ಇರಗೊಡಿ ಎಂದು ಇದರ ಅರ್ಥ. ನಿಘಂಟು ಬರೆಯದ, ಶಾಲೆ ಕಟ್ಟದ, ಶುಂಠಿ ಹೊಲದಲ್ಲಿ ಕಳೆ ಕೀಳುವ ಕ್ರೈಸ್ತಳೊಬ್ಬಳು ಯಾವ ಪುಟದಲ್ಲಿ ಬರುತ್ತಾಳೆ? ಕಿಟೆಲ್ ಈ ದೇಶಕ್ಕೆ ಬಂದದ್ದೂ ನಿಘಂಟಿಗಾಗಿ ಅಲ್ಲ. ಅವನು ಯಾವುದಕ್ಕಾಗಿ ಬಂದನೋ ಅದರ ಬಗ್ಗೆ ಅವನ ಅಭಿಮಾನಿಗಳು ಬಾಯಿ ಬಿಡುವುದಿಲ್ಲ.

ಇಷ್ಟು ಹೇಳಿದ್ದಕ್ಕೆ ನಮ್ಮವರು ತಲೆಯಾಡಿಸಿ ‘ಸ್ತೋತ್ರ’ ಅಂದಿರುತ್ತಾರೆ. ಈಗ ಅವರ ಸರದಿ.

ಬೋಧಕರಲ್ಲಿ ಹಲವರಿಗೆ ಹರಕೆಯನ್ನು ಬೈಯುವುದೆಂದರೆ ಬಲು ಇಷ್ಟ. ಸೊರಬ ತಾಲೂಕಿನಲ್ಲಿ ನಿಂತು ಚಂದ್ರಗುತ್ತಿಯ ಹೆಸರೆತ್ತುವುದು ಸುಲಭ. ಅಲ್ಲಿ 1986ರಲ್ಲಿ ಗಲಾಟೆಯಾಗಿ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿದ್ದು ಎಲ್ಲರಿಗೂ ಗೊತ್ತು. ನೋಡಿ, ದೇವರ ಹತ್ತಿರ ವ್ಯಾಪಾರಕ್ಕೆ ಹೋದವರ ಗತಿ ಎಂದು ಗುಡುಗುತ್ತಾರೆ. ಆಮೇಲೆ ಧ್ವನಿ ತಗ್ಗಿಸಿ ಬಿತ್ತನೆ ಕಾಣಿಕೆಯ ವಿಷಯ ತೆಗೆಯುತ್ತಾರೆ. ಸಾವಿರ ಬಿತ್ತು, ಕರ್ತನು ನೂರರಷ್ಟು ಬೆಳೆ ಕೊಡುತ್ತಾನೆ. ಹರಕೆ ಹೊತ್ತವನು ಕೆಲಸ ಆದ ಮೇಲೆ ತೀರಿಸುತ್ತಾನೆ, ಆಗದಿದ್ದರೆ ದೇವರ ಜೊತೆ ಜಗಳವನ್ನಾದರೂ ಆಡುತ್ತಾನೆ. ಇಲ್ಲಿ ಮುಂಗಡ ಕಟ್ಟಬೇಕು, ಬೆಳೆ ಬರದಿದ್ದರೆ ತಪ್ಪು ಬಿತ್ತಿದವನದು. ಎರಡರಲ್ಲಿ ಯಾವುದು ಹೆಚ್ಚು ಮಾನವಂತ ವ್ಯವಹಾರ ಎಂದು ಕೇಳಿದರೆ ನಾನು ಹರಕೆಯ ಕಡೆಗೇ ಕೈ ಎತ್ತಬೇಕಾದೀತು.

ರೋಗ ವಾಸಿ ಮಾಡುವ ಕೂಟಗಳ ಕಥೆ ಇನ್ನೂ ಕೆಟ್ಟದ್ದು. ಬ್ಯಾನರಿನ ಮೇಲೆ ರೋಗಗಳ ಪಟ್ಟಿ, ಕೆಳಗೆ ಬೋಧಕರ ಕೋಟು ಹಾಕಿದ ಫೋಟೋ. ದೇವರು ವಾಸಿ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಪ್ರಾರ್ಥನೆ ನಾನೂ ಮಾಡುತ್ತೇನೆ, ಜ್ವರ ಬಂದರೆ ಬೇಗ ಬಿಡಲಿ ಎಂದೇ ಮಾಡುತ್ತೇನೆ. ನಾನು ಹೇಳುವುದು ಬ್ಯಾನರಿನ ವಿಷಯ. ಮಂಗನ ಕಾಯಿಲೆಯನ್ನೇ ತಗೊಳ್ಳಿ. ಅದಕ್ಕೆ ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಇರುವ ಹೆಸರೇ ನಮ್ಮ ತಾಲೂಕಿನ ಕ್ಯಾಸನೂರು ಕಾಡಿನದು. 1957ರಲ್ಲಿ ಮಂಗಗಳು ಸಾಯತೊಡಗಿದ ಮೇಲೆ ಅಲ್ಲೇ ಅದನ್ನು ಗುರುತಿಸಿದರು. ಕಾಡಿಗೆ ದರಗಿಗೆ ಹೋದವನ ಕಾಲಿಗೆ ಹತ್ತುವ ಉಣುಗು ದೀಕ್ಷಾಸ್ನಾನದ ಸರ್ಟಿಫಿಕೇಟು ನೋಡುವುದಿಲ್ಲ. ಅಭಿಷೇಕದ ಎಣ್ಣೆ ಹಣೆಗೆ ಹಚ್ಚಿಕೊಳ್ಳಿ, ಬೇಡವೆನ್ನುವವರು ಯಾರು? ಕೈಕಾಲಿಗೆ ಆರೋಗ್ಯ ಇಲಾಖೆಯ ಡೆಪಾ ಎಣ್ಣೆ ಹಚ್ಚಿಕೊಂಡೇ ಕಾಡಿಗೆ ಹೋಗಿ. ಗದಗ ಬೆಟಗೇರಿಯಲ್ಲಿ ಜನ ಇವತ್ತಿಗೂ ಜರ್ಮನ್ ದವಾಖಾನೆ ಎನ್ನುವ ಆಸ್ಪತ್ರೆ ಕಟ್ಟಿದ ಮಿಷನ್ನಿನವರು ಪ್ರಾರ್ಥನೆಯನ್ನೂ ಮಾಡಿದರು, ಕತ್ತರಿ ಚಾಕುಗಳನ್ನೂ ಕುದಿಸಿಟ್ಟರು. ಅವರ ವಾರಸುದಾರರು ಎನ್ನಿಸಿಕೊಂಡವರು ಇವತ್ತು ಸಕ್ಕರೆ ಕಾಯಿಲೆಯ ಮುದುಕಿಗೆ ಮಾತ್ರೆ ನಿಲ್ಲಿಸಮ್ಮ, ವಿಶ್ವಾಸವಿಡು ಎನ್ನುತ್ತಾರೆ. ಅವಳ ಕಾಲು ಕೊಳೆತಾಗ ವಿಶ್ವಾಸ ಸಾಲದಾಯಿತು ಎನ್ನುತ್ತಾರೆ. ಸಾಯುವವಳ ಎದೆಯ ಮೇಲೆ ಅಪರಾಧವನ್ನೂ ಹೇರಿ ಕಳಿಸುವ ಈ ಮಾತಿಗಿಂತ ಕ್ರೂರವಾದದ್ದನ್ನು ನಾನು ಯಾವ ಪೀಠದಿಂದಲೂ ಕೇಳಿಲ್ಲ.

ಶಿಕಾರಿಪುರದ ಕಡೆಯ ಒಂದು ಕೂಟದಲ್ಲಿ ಸಾಕ್ಷಿ ಹೇಳಲು ಒಬ್ಬ ಹೆಂಗಸನ್ನು ಎಬ್ಬಿಸಿದ್ದರು. ಶುಂಠಿ ರೇಟು ಬಿದ್ದ ವರ್ಷ ಸಂಘದಲ್ಲಿ, ಫೈನಾನ್ಸಿನಲ್ಲಿ ಸಾಲ ಮಾಡಿಕೊಂಡವಳು. ಸಾಲ ಕೊಟ್ಟವರ ಕಾಟ ತಡೆಯಲು ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾದ ಪರಿಸ್ಥಿತಿ ಬಂತಲ್ಲ, ಅಂಥ ಮನೆಗಳಲ್ಲಿ ಅವಳದೂ ಒಂದು. ‘ಕರ್ತನು ನಿನ್ನ ಸಾಲದ ಹೊರೆ ಇಳಿಸಿದ್ದನ್ನ ಸಭೆಗೆ ಹೇಳಮ್ಮ’ ಎಂದು ಮೈಕು ಕೊಟ್ಟರು.

‘ಸಾಲ ಇಳಿದಿಲ್ರಿ ಅಯ್ಯನೋರೆ. ಇನ್ನೂ ಹದಿನೆಂಟು ಕಂತು ಅದಾವು.’

ಸಭೆ ನಕ್ಕಿತು. ಅವಳೂ ನಕ್ಕಳು. ‘ಮೊದ್ಲು ಅವ್ರು ಬಂದ್ರೆ ಹಿತ್ಲ ಬಾಗ್ಲಿಂದ ಓಡಿ ಹೋಗಿ ಬಣವಿ ಮರಿಗೆ ಕುಂದರ್ತಿದ್ದೆ. ಈಗ ಕಟ್ಟಿ ಮ್ಯಾಲೆ ಕುಂತು, ಈ ವಾರ ಇಲ್ರಿ, ಮುಂದಿನ ವಾರ ಕೊಡ್ತೀನಿ ಅಂತೀನಿ. ನಮ್ಮ ಪ್ರಾರ್ಥನಿ ಗುಂಪಿನ ಅಕ್ಕಾರು ಇಬ್ರು ಬಂದು ನನ್ನ ಬಾಜೂಕ ಕುಂದರ್ತಾರ. ಅಷ್ಟ್ರಿ.’

ಅಯ್ಯನವರು ಮೈಕು ತಗೊಂಡು 'ಹಲ್ಲೆಲೂಯ' ಎಂದು ಕೂಗಿ ಮುಂದಿನವರನ್ನು ಕರೆದರು. ಮುಂದಿನವನಿಗೆ ಟ್ರ್ಯಾಕ್ಟರು ಬಂದಿತ್ತು.

ಆ ಸಂಜೆ ಹೊಸ ಜೀವನದ ಬಗ್ಗೆ ಯಾರಾದರೂ ನೆಟ್ಟಗೆ ಎರಡು ಮಾತು ಆಡಿದ್ದರೆ ಅದು ಆ ಹೆಂಗಸೇ. ಬಾಗಿಲಿಗೆ ಬಂದವನ ಮುಖ ನೋಡಿ ಮಾತಾಡುವ ಧೈರ್ಯ, ಅವಮಾನದ ಹೊತ್ತಿನಲ್ಲಿ ಪಕ್ಕಕ್ಕೆ ಬಂದು ಕೂರುವ ಇಬ್ಬರು. ಚರ್ಚು ಎಂದರೆ ಇದಕ್ಕಿಂತ ಹೆಚ್ಚಿನದೇನು ಎಂದು ನನಗೆ ಗೊತ್ತಿಲ್ಲ. ಆದರೆ ಅದರಲ್ಲಿ ಲಾಭ ಇರಲಿಲ್ಲ, ಆದ್ದರಿಂದ ಅದು ಸಾಕ್ಷಿ ಅನ್ನಿಸಲಿಲ್ಲ.

ಯೋಬನ ಗ್ರಂಥ ಓದಿದವರಿಗೆ ಇಲ್ಲೊಂದು ತಮಾಷೆ ಕಾಣಬೇಕು. ಯೋಬನ ಭಕ್ತಿಯನ್ನು ದೇವರು ಹೊಗಳಿದಾಗ ಸೈತಾನ ಎತ್ತುವ ಆಕ್ಷೇಪ ಒಂದೇ: ಅವನೇನು ಸುಮ್ಮನೆ ಭಕ್ತನಾಗಿದ್ದಾನೆಯೇ? ಹೊಲ, ದನ, ಮಕ್ಕಳು ಎಲ್ಲ ಕೊಟ್ಟಿದ್ದೀಯ, ಅದಕ್ಕೆ. ತೆಗೆದು ನೋಡು. ಊರಿನವರು ಎಷ್ಟು ಕೊಟ್ಟರು ಎಂದು ಕೇಳುವಾಗ ಆ ಹಳೆಯ ಪ್ರಶ್ನೆಯನ್ನೇ ಕೇಳುತ್ತಿದ್ದಾರೆ, ಪಾಪ, ಅವರಿಗೆ ಅದು ಗೊತ್ತಿಲ್ಲ. ಗೊತ್ತಿರಬೇಕಾದವರು ನಾವು. ಆ ಪುಸ್ತಕದ ನಲವತ್ತೆರಡು ಅಧ್ಯಾಯಗಳು ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಬೂದಿಯಲ್ಲಿ ಕೂತಿವೆ. ನಮ್ಮ ವೇದಿಕೆ ಮಾತ್ರ ಮೈಕಿನಲ್ಲಿ ಕೂಗಿ ಹೇಳುತ್ತದೆ: ಸುಮ್ಮನೆ ಅಲ್ಲ ಸ್ವಾಮಿ, ಟ್ರ್ಯಾಕ್ಟರು ಬಂದಿದೆ! ಸೈತಾನನ ವಾದವನ್ನು ಸೈತಾನನಿಗಿಂತ ಚೆನ್ನಾಗಿ ನಾವೇ ಮಂಡಿಸುತ್ತಿದ್ದೇವೆ.

ಸುವಾರ್ತೆಯಲ್ಲಿ ಇರುವುದು ಇದಕ್ಕೆ ಪೂರ್ತಿ ಬೇರೆ. ಯೇಸು ಹತ್ತು ಕುಷ್ಠರೋಗಿಗಳನ್ನು ವಾಸಿ ಮಾಡಿದಾಗ ತಿರುಗಿ ಬಂದವನು ಒಬ್ಬ, ಅವನೂ ಪರಕೀಯ. ಮಿಕ್ಕ ಒಂಬತ್ತು ಮಂದಿಯ ರೋಗವೂ ಹೋಗಿತ್ತು. ರೋಗ ಹೋಗುವುದೇ ಹೊಸ ಜೀವನ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಪೌಲನ ದೇಹದಲ್ಲಿ ಏನೋ ಒಂದು ಮುಳ್ಳಿನಂತೆ ಕಾಡುತ್ತಿತ್ತು, ತೆಗೆಯಪ್ಪ ಎಂದು ಮೂರು ಸಲ ಬೇಡಿಕೊಂಡ, ತೆಗೆಯಲಿಲ್ಲ. ಸಿಕ್ಕ ಉತ್ತರ ಕೃಪೆಯೇ ಸಾಕು ಎಂಬರ್ಥದ್ದು. ಅಂದರೆ ಕೃಪೆ ಎಂಬ ಮಾತು ಅಲ್ಲಿ ಬರುವುದೇ ಬೇಡಿದ್ದು ಸಿಗದ ಕಡೆ. ಅಪೊಸ್ತಲರ ಕಾಲದ ಸಿಮೋನನೆಂಬ ಮಾಟಗಾರ ಪವಿತ್ರಾತ್ಮನ ಶಕ್ತಿಗೆ ದುಡ್ಡು ಕೊಡಲು ಬಂದು ಪೇತ್ರನ ಕೈಲಿ ಬೈಸಿಕೊಂಡ. ಇವತ್ತು ಬಂದಿದ್ದರೆ ಮುಂದಿನ ಸಾಲಿನಲ್ಲಿ ಕುರ್ಚಿ ಸಿಗುತ್ತಿತ್ತು.

ಆನವಟ್ಟಿ ಪಕ್ಕದ ಕುಬಟೂರಿನ ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಹಳ್ಳಿ ಶಾಲೆಗಳಲ್ಲಿ ಓದಿದವರಿಗೆ ನೌಕರಿಯಲ್ಲಿ ಗ್ರಾಮೀಣ ಕೃಪಾಂಕ ಕೊಡಿಸಿದ್ದು ಈ ಕಡೆಯವರಿಗೆ ಮರೆತಿಲ್ಲ. ದೇವರ ಕೃಪೆಯನ್ನೂ ನಾವು ಹಾಗೆಯೇ ಕಲ್ಪಿಸಿಕೊಂಡಿದ್ದೇವೆ. ಬಹುಪಾಲು ಅಂಕ ನಮ್ಮ ಉಪವಾಸ, ದಶಾಂಶ, ರಾತ್ರಿ ಪ್ರಾರ್ಥನೆಗಳದು, ಕೊನೆಗೆ ಕಡಿಮೆ ಬಿದ್ದ ನಾಲ್ಕಾರು ಅಂಕ ಅವನದು. ಪೌಲನನ್ನು ಕೇಳಿದರೆ ಉತ್ತರ ಪತ್ರಿಕೆಯೇ ಖಾಲಿ ಅನ್ನುತ್ತಾನೆ. ಇದು ಹೆಮ್ಮೆಯವರಿಗೆ ನುಂಗಲಾರದ ತುತ್ತು. ಸಾಕ್ಷಿ ವೇದಿಕೆಯ ಮೇಲೆ ತನ್ನ ಅಂಕಪಟ್ಟಿ ತೋರಿಸಲು ನಿಂತವನಿಗಂತೂ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಕೃಪೆಯ ನಿಜವಾದ ಪರೀಕ್ಷೆ ಕುಡಿತ ಬಿಟ್ಟವನಲ್ಲಿ ಅಲ್ಲ, ಬಿಟ್ಟು ಮತ್ತೆ ಕುಡಿದವನಲ್ಲಿ. ಬಿಟ್ಟವನಿಗೆ ಹಾರ, ವೇದಿಕೆ, ಯೂಟ್ಯೂಬು. ಆರು ತಿಂಗಳ ನಂತರ ಅವನು ಹಾನಗಲ್ ರಸ್ತೆಯ ಪಕ್ಕ ಬಿದ್ದಿದ್ದ ಎಂದು ಸುದ್ದಿ ಬಂದರೆ ವಿಡಿಯೋ ಮೆಲ್ಲಗೆ ಅಳಿಸಿ ಹೋಗುತ್ತದೆ, ಅವನ ಹೆಂಡತಿ ಹಿಂದಿನ ಸಾಲಿಗೆ ಜರುಗುತ್ತಾಳೆ. ನಾನು ಬಲ್ಲ ಒಂದು ಸಣ್ಣ ಸಭೆಯಲ್ಲಿ ಇಂಥವನೊಬ್ಬ ಇದ್ದಾನೆ. ಬಿಡುತ್ತಾನೆ, ಕುಡಿಯುತ್ತಾನೆ, ಬಿಡುತ್ತಾನೆ. ಅವನಿಗೆ ಅಲ್ಲಿ ವಹಿಸಿರುವ ಕೆಲಸ ಆರಾಧನೆ ಮುಗಿದ ಮೇಲೆ ಚಾಪೆ ಕೊಡವಿ ಸುತ್ತಿಡುವುದು. ಕುಡಿದ ವಾರವೂ ಆ ಕೆಲಸ ಅವನದೇ, ಬೇರೆಯವರು ಮುಟ್ಟುವುದಿಲ್ಲ. ತಡವಾಗಿ ಬಂದರೆ ಚಾಪೆಗಳು ಕಾದಿರುತ್ತವೆ. ಯಾರೂ ಅವನ ಮೇಲೆ ಭಾಷಣ ಮಾಡಿದ್ದನ್ನು ನಾನು ಕಂಡಿಲ್ಲ. ತಪ್ಪಿಹೋದ ಮಗನ ಸಾಮ್ಯ ನಮಗೆಲ್ಲ ಬಾಯಿಪಾಠ. ಆದರೆ ತಿರುಗಿ ಬಂದ ಮಗ ಮತ್ತೆ ಹೋದರೆ, ಮತ್ತೆ ಬಂದರೆ? ಆಗ ನಾವೆಲ್ಲ ಅಂಗಳದಲ್ಲಿ ಮುಖ ಊದಿಸಿ ನಿಂತ ದೊಡ್ಡ ಮಗನೇ.

ಅದೇ ಸಭೆಯ ಬೆಳೆ ಹಬ್ಬದಲ್ಲಿ ಕಾಣಿಕೆಗೆ ಬಂದದ್ದನ್ನೆಲ್ಲ ಹರಾಜು ಹಾಕುತ್ತಾರೆ. ಬತ್ತ, ಅಡಿಕೆ, ನಾಟಿ ಕೋಳಿ, ಅನಾನಸು. ಮೂವತ್ತು ರೂಪಾಯಿಯ ಕುಂಬಳಕಾಯಿ ಮುನ್ನೂರಕ್ಕೆ ಹೋಗುತ್ತದೆ. ಕೂಗಿಕೊಂಡವನು ದುಡ್ಡು ಕೊಟ್ಟು ಕಾಯಿಯನ್ನು ವಾಪಸು ಮೇಜಿನ ಮೇಲಿಡುತ್ತಾನೆ, ಮತ್ತೆ ಹರಾಜು. ಮಕ್ಕಳು ಕೇಕೆ ಹಾಕುತ್ತವೆ. ಕೊನೆಗೆ ಅದು ವಿಧವೆಯೊಬ್ಬಳ ಮನೆಗೆ ಹೋಗಿ ಸಾರಾಗುತ್ತದೆ. ಒಂದು ಗಂಟೆಯ ಮಟ್ಟಿಗಾದರೂ ಬೆಲೆಗೂ ವಸ್ತುವಿಗೂ ಸಂಬಂಧ ಕಡಿದುಹೋಗಿ ಎಲ್ಲರೂ ನಗುತ್ತಿರುತ್ತಾರೆ. ಇದರ ಫೋಟೋವನ್ನು ಯಾರೂ ಬ್ಯಾನರಿಗೆ ಹಾಕುವುದಿಲ್ಲ.

ಇಷ್ಟೆಲ್ಲ ಚಂದವಾಗಿದ್ದರೆ ಜಾತಿ ಯಾಕೆ ಹೋಗಿಲ್ಲ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ, ಇರಬಾರದು ಕೂಡ. 2025ರ ಸೆಪ್ಟೆಂಬರಿನ ಸಮೀಕ್ಷೆಗೆ ಹಿಂದುಳಿದ ವರ್ಗಗಳ ಆಯೋಗ ಸಿದ್ಧಪಡಿಸಿದ ಪಟ್ಟಿಯಲ್ಲಿ ಜಾತಿಗಳ ಹೆಸರಿನ ಜೊತೆ ಕ್ರೈಸ್ತ ಎಂದು ಸೇರಿಸಿದ್ದಕ್ಕೆ ದೊಡ್ಡ ಗದ್ದಲವೆದ್ದಿತು, ಅಂಥ ಹೆಸರುಗಳನ್ನು ಕೈಬಿಡಬೇಕಾಯಿತು. ಕ್ರೈಸ್ತರಲ್ಲಿ ಜಾತಿ ಎಲ್ಲಿಂದ ಬಂತು ಎಂದು ಹೊರಗಿನವರು ಕೂಗಿದರು, ನಮ್ಮ ಮುಖಂಡರೂ ದನಿಗೂಡಿಸಿದರು. ಪಟ್ಟಿಯಿಂದ ತೆಗೆದದ್ದಾಯಿತು. ಹೆಣ್ಣು ಕೊಡುವಾಗ, ಮಣ್ಣು ಮಾಡುವ ಜಾಗದಲ್ಲಿ ಸಾಲು ಹಿಡಿಯುವಾಗ ತೆಗೆದದ್ದನ್ನು ನಾನು ಕಂಡಿಲ್ಲ. ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿದು ಹೊರಗೆ ಬಂದವರು ಬೀಗತನದ ಮಾತು ಬಂದಾಗ ಹಿಂದಿನ ಕುಲ ವಿಚಾರಿಸುತ್ತಾರೆ. ಟ್ರ್ಯಾಕ್ಟರ್ ಬಂದದ್ದನ್ನು ಹೊಸ ಜೀವನ ಎಂದು ಕರೆದು ರೂಢಿಯಾದ ಸಭೆಗೆ ಇದು ಹಳೆಯ ಜೀವನ ಎಂದು ಹೊಳೆಯುವುದಾದರೂ ಹೇಗೆ?

ನೀವು ಹೇಳಿದ ಹಾಗೆ ನಡೆದರೆ ಜನ ಬರುವುದಿಲ್ಲ ಎಂದು ಬೋಧಕರೊಬ್ಬರು ನನಗೆ ಹೇಳಿದರು. ಕಷ್ಟದಲ್ಲಿ ಇರುವವರಿಗೆ ಭರವಸೆ ಬೇಡವೇ ಎಂದರು. ಆ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಕಷ್ಟವೇ ಜನರನ್ನು ದೇವರ ಬಾಗಿಲಿಗೆ ತರುವುದು, ಬಡವರ ಬೇಡಿಕೆಯಲ್ಲಿ ನಾಚಿಕೆಯ ವಿಷಯ ಏನೂ ಇಲ್ಲ. ನನ್ನ ಜಗಳ ಬೇಡುವವರ ಮೇಲಲ್ಲ, ಇದರ ಬೆಲೆ ಇಷ್ಟು ಎಂದು ಚೀಟಿ ಹಚ್ಚಿ ಮಾರುವವರ ಮೇಲೆ. ಜನ ಬರುವುದಿಲ್ಲ ಎನ್ನುವುದಾದರೆ, ರೊಟ್ಟಿ ತಿಂದು ತೃಪ್ತರಾಗಿ ಮಾರನೆಯ ದಿನ ಹುಡುಕಿಕೊಂಡು ಬಂದ ಜನರಿಗೆ ಯೇಸು ನೀವು ಬಂದದ್ದು ರೊಟ್ಟಿಗಾಗಿ ಎಂದು ಮುಖಕ್ಕೆ ಹೇಳಿದ. ಅನೇಕರು ಹೊರಟುಹೋದರು. ಹನ್ನೆರಡು ಜನರ ಕಡೆ ತಿರುಗಿ ನೀವೂ ಹೋಗುತ್ತೀರಾ ಎಂದು ಕೇಳಿದ. ಇಷ್ಟು ವರ್ಷ ಬ್ಯಾನರು ಕಟ್ಟಿಯೂ ರಾಜ್ಯದಲ್ಲಿ ನಾವು ನೂರಕ್ಕೆ ಇಬ್ಬರಾಗಿಲ್ಲ, ಬ್ಯಾನರು ಬಿಚ್ಚಿದರೆ ಕಳೆದುಕೊಳ್ಳುವುದು ಏನಿದೆ?

ರೋಗಗಳ ಪಟ್ಟಿ ತೆಗೆಯಿರಿ, ಕೂಟದ ಜಾಗ ಮತ್ತು ಹೊತ್ತು ಬರೆದರೆ ಸಾಕು. ಕಾಣಿಕೆಯ ಜಮಾ ಖರ್ಚನ್ನು ತಿಂಗಳಿಗೊಮ್ಮೆ ಬಾಗಿಲ ಹೊರಗೆ ಅಂಟಿಸಿ, ಬೇಕಾದವರು ಓದಲಿ. ಮಾತ್ರೆ ನಿಲ್ಲಿಸು ಎಂದು ಹೇಳಿದವರನ್ನು ಪೀಠ ಹತ್ತಿಸಬೇಡಿ. ಸಾಕ್ಷಿಯ ಹೊತ್ತಿಗೆ ಕಂತು ಉಳಿದವರನ್ನು, ಜ್ವರ ಬಿಡದವರನ್ನು, ಹೋದ ವಾರ ಮತ್ತೆ ಕುಡಿದವರನ್ನು ಮೊದಲು ಎಬ್ಬಿಸಿ. ಮೈಕನ್ನು ಅವರ ಕೈಗೇ ಕೊಟ್ಟು ಮಾತು ಮುಗಿಯುವ ತನಕ ಬಿಡಿ. ಕೀಬೋರ್ಡಿನ ಹುಡುಗನಿಗೆ ಅಷ್ಟು ಹೊತ್ತು ಹೊರಗೆ ಹೋಗಿ ಚಹಾ ಕುಡಿದು ಬರಲು ಹೇಳಿ.